ನೊಣ ಬಂದ ಹೊತ್ತು, ಸಾವಿನ ಹೊತ್ತು

ಕಳೆದ ಸಂಚಿಕೆಯಲ್ಲಿ ಮರಣೋತ್ತರ ಪರೀಕ್ಷೆಯ ಬಗ್ಗೆ ಬಂದ ಬರಹದಲ್ಲಿ, ಶವದ ಮೇಲಿನ ಹುಳಗಳಿಂದಲೂ ಸಾವಿನ ಸಮಯ ಅಂದಾಜಿಸುತ್ತಾರೆ ಎಂಬ ಒಂದೇ ಒಂದು ಸಾಲು ಇತ್ತು. ಪತ್ರಗಳೆಲ್ಲ ಬಂದದ್ದು ಆ ಸಾಲಿನ ಮೇಲೆಯೇ. ಆದ್ದರಿಂದ ಈ ಸಲದ ಪ್ರಶ್ನೋತ್ತರ ಪೂರ್ತಿ ನೊಣಗಳಿಗೆ. ಊಟಕ್ಕೆ ಕೂತವರು ಪುಟ ಮಡಚಿಟ್ಟು ಆಮೇಲೆ ಓದಿದರೆ ಒಳ್ಳೆಯದು.

ಪ್ರಶ್ನೆ: "ಹುಳ ನೋಡಿ, ಸತ್ತು 4 ದಿನ ಆಗಿದೆ ಎಂದು ಹೇಳಿದರು" ಎಂದು ಪತ್ರಿಕೆಯಲ್ಲಿ ಓದಿದೆ. ಮೈ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲವೆ? ಹುಳವೇ ಏಕೆ ಬೇಕು? (ನಿವೃತ್ತ ಶಿಕ್ಷಕರು, ಕುಂದಾಪುರ)

ಉತ್ತರ: ಮೊದಲ ಒಂದೂವರೆ ದಿನಕ್ಕೆ ವೈದ್ಯರ ಬಳಿ ಬೇರೆ ಗುರುತುಗಳಿವೆ. ಮೈ ತಣ್ಣಗಾಗುತ್ತದೆ, ಸೆಟೆಯುತ್ತದೆ, ರಕ್ತ ಕೆಳಮೈಗೆ ಇಳಿದು ಅಲ್ಲಿನ ಚರ್ಮ ನೇರಳೆಯಾಗುತ್ತದೆ. ನಮ್ಮ ಕರಾವಳಿಯಲ್ಲಿ ಈ ಗುರುತುಗಳು ಬೇಗ ಕೈಕೊಡುತ್ತವೆ. ಏಪ್ರಿಲ್‌ನಲ್ಲಿ ಕೋಣೆಯ ಸೆಖೆ 31 ಡಿಗ್ರಿ ಇದ್ದರೆ 37 ಡಿಗ್ರಿಯ ಮೈ ಇಳಿಯಬೇಕಾದ್ದು 6 ಡಿಗ್ರಿ ಮಾತ್ರ. ಅಷ್ಟು ಇಳಿದ ಮೇಲೆ ಥರ್ಮಾಮೀಟರಿಗೆ ಹೇಳಲು ಏನೂ ಉಳಿದಿರುವುದಿಲ್ಲ. ಸೆಟೆತವೂ ಬೇಸಿಗೆಯಲ್ಲಿ 18ರಿಂದ 36 ಗಂಟೆಯೊಳಗೆ ಬಿಟ್ಟುಹೋಗುತ್ತದೆ. ಆಮೇಲೆ ಉಬ್ಬುವುದು, ಬಣ್ಣ ಕೆಡುವುದು, ಚರ್ಮ ಸುಲಿಯುವುದು ನಡೆಯುತ್ತದೆ. ಇವುಗಳಿಂದ "ಎರಡು ದಿನವೋ ಐದು ದಿನವೋ" ಎಂಬಷ್ಟು ಹೇಳಬಹುದು, ಅದಕ್ಕಿಂತ ಹತ್ತಿರ ಹೋಗಲು ಆಗದು.

ನೊಣ ಕೆಲಸಕ್ಕೆ ಬರುವುದು ಇಲ್ಲಿ. ಹಗಲು ಹೊತ್ತು ತೆರೆದ ಜಾಗದಲ್ಲಿ ಶವವಿದ್ದರೆ ಮೊದಲ ನೊಣ ಕೆಲವೇ ನಿಮಿಷಗಳಲ್ಲಿ ಬರಬಹುದು. ಅದು ಕಣ್ಣಿನ ಮೂಲೆ, ಮೂಗು, ಬಾಯಿ, ಗಾಯದ ಅಂಚು ಹುಡುಕಿ ಮೊಟ್ಟೆ ಇಡುತ್ತದೆ. ಅಲ್ಲಿಂದ ಮೊಟ್ಟೆ, ಮೂರು ಹಂತದ ಹುಳ, ಕೋಶ, ಮತ್ತೆ ನೊಣ, ಇದೇ ಕ್ರಮ. ಒಂದು ಹಂತವನ್ನೂ ಹಾರಿ ಮುಂದಕ್ಕೆ ಹೋಗಲು ಅದಕ್ಕೆ ಬಾರದು. ಆ ಜಾತಿಯ ಹುಳ ಇಂಥ ಸೆಖೆಯಲ್ಲಿ ಇಷ್ಟು ಬೆಳೆಯಲು ಎಷ್ಟು ಹೊತ್ತು ಬೇಕು ಎಂದು ಗೊತ್ತಿದ್ದರೆ ಹಿಂದಕ್ಕೆ ಎಣಿಸಬಹುದು.

ನೀವು ಓದಿದ ವರದಿಯ ವಾಕ್ಯ ಮಾತ್ರ ತಪ್ಪು. ಹುಳ ಹೇಳುವುದು ಮನುಷ್ಯ ಸತ್ತ ಹೊತ್ತನ್ನಲ್ಲ, ನೊಣ ಮೊಟ್ಟೆ ಇಟ್ಟ ಹೊತ್ತನ್ನು. ಎರಡರ ನಡುವೆ ಒಂದು ರಾತ್ರಿ, ಒಂದು ಬಾಗಿಲು, ಒಂದು ಟಾರ್ಪಾಲು ಇರಬಹುದು. "ಕನಿಷ್ಠ 4 ದಿನ" ಎಂದು ಬರೆದಿದ್ದರೆ ಸರಿಯಿರುತ್ತಿತ್ತು. ಕೆಳಗಿನ ಉತ್ತರಗಳಲ್ಲೆಲ್ಲ ಈ "ಕನಿಷ್ಠ" ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ನಮ್ಮ ಕಡೆ ಈ ಕೆಲಸಕ್ಕೆ ಬರುವ ನೊಣಗಳು ಯಾವುವು? ಮನೆಯ ನೊಣವೇ ಸಾಕೆ? (ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ, ಕಾರ್ಕಳ)

ಉತ್ತರ: ಮನೆನೊಣ ಬರುತ್ತದೆ, ಆದರೆ ತಡವಾಗಿ, ಅದೂ ಹೆಚ್ಚಾಗಿ ಹೊಲಸಿನ ಆಸೆಗೆ. ಮುಖ್ಯ ಪಾತ್ರ ಲೋಹದ ಹೊಳಪಿನ ನೊಣಗಳದು. ಮಲ್ಪೆ ಬಂದರಿಗೋ ಮಂಗಳೂರಿನ ದಕ್ಕೆಗೋ ಬೆಳಿಗ್ಗೆ ಹೋಗಿ ಬಿಸಿಲಿಗೆ ಹರಡಿದ ಮೀನನ್ನು ನೋಡಿ. ಹಸಿರು-ನೀಲಿ ಹೊಳೆಯುವ ದಪ್ಪ ಮೈ, ಇಟ್ಟಿಗೆ ಕೆಂಪಿನ ದೊಡ್ಡ ಕಣ್ಣು ಇರುವ ನೊಣ ಕಂಡರೆ ಅದು ಕ್ರೈಸೊಮಿಯಾ ಮೆಗಾಸೆಫಾಲ. ಮೆಗಾಸೆಫಾಲ ಎಂದರೆ ದೊಡ್ಡ ತಲೆ. ಗಂಡಿನ ಎರಡು ಕಣ್ಣು ನೆತ್ತಿಯಲ್ಲಿ ಒಂದಕ್ಕೊಂದು ತಾಗಿರುತ್ತವೆ, ಹೆಣ್ಣಿನಲ್ಲಿ ನಡುವೆ ಸಂದು ಇರುತ್ತದೆ. ಒಣಮೀನಿನವರಿಗೆ ತಲೆನೋವು ತರುವ ನೊಣವೂ ಇದೇ. ಒಂದು ಹೆಣ್ಣು ಒಮ್ಮೆಗೆ 200ರಿಂದ 300 ಮೊಟ್ಟೆ ಇಡುತ್ತದೆ. ಬಿಳಿ ಅಕ್ಕಿನುಚ್ಚಿನಂಥ, ಸುಮಾರು ಒಂದೂವರೆ ಮಿಲಿಮೀಟರ್ ಉದ್ದದ ಮೊಟ್ಟೆಗಳು ಗಂಟುಗಂಟಾಗಿ ಅಂಟಿರುತ್ತವೆ.

ಅದರ ದಾಯಾದಿ ಕ್ರೈಸೊಮಿಯಾ ರೂಫಿಫೇಸಿಸ್. ಇದರ ಹುಳಕ್ಕೆ ಮೈತುಂಬ ಮುಳ್ಳಿನಂತೆ ಕಾಣುವ ಮೆತ್ತನೆಯ ಮೊನೆಗಳಿರುವುದರಿಂದ ಬರಿಗಣ್ಣಿಗೇ ಗುರುತು ಸಿಗುತ್ತದೆ. ಇದು ಸಾಮಾನ್ಯವಾಗಿ ಎರಡನೆಯದಾಗಿ ಬರುತ್ತದೆ, ಬಂದ ಮೇಲೆ ಮೊದಲು ಬಂದವರ ಹುಳಗಳನ್ನೇ ತಿನ್ನಲು ಶುರುಮಾಡುತ್ತದೆ. ಶವದ ಮೇಲೆ ಮುಳ್ಳುಹುಳ ಮಾತ್ರ ಸಿಕ್ಕರೆ ಎಚ್ಚರ ಬೇಕು. ಮೊದಲ ಸಾಕ್ಷಿಗಳು ಅದರ ಹೊಟ್ಟೆ ಸೇರಿರಬಹುದು. ತಾಮ್ರದ ಹೊಳಪಿನ ಲ್ಯುಸಿಲಿಯಾ ಕುಪ್ರಿನಾ ಇನ್ನೊಂದು.

ಬೂದು ಮೈ, ಬೆನ್ನಿನ ಮೇಲೆ ಮೂರು ಕಪ್ಪು ಗೆರೆ, ಹೊಟ್ಟೆಯ ಮೇಲೆ ಚದುರಂಗದ ಮನೆಗಳಂಥ ಚೌಕ ಇದ್ದರೆ ಅದು ಸಾರ್ಕೊಫ್ಯಾಗ ಬಳಗದ ಮಾಂಸನೊಣ. ಇದು ಮೊಟ್ಟೆ ಇಡುವುದಿಲ್ಲ, ಜೀವಂತ ಮರಿಹುಳವನ್ನೇ ಉದುರಿಸುತ್ತದೆ. ಮೊಟ್ಟೆಯ ಅರ್ಧ-ಮುಕ್ಕಾಲು ದಿನ ಇದಕ್ಕೆ ಉಳಿತಾಯ. ಇದು ತಿಳಿಯದೆ ಎಲ್ಲ ಹುಳಕ್ಕೂ ಒಂದೇ ಲೆಕ್ಕ ಹಾಕಿದರೆ ಅಷ್ಟು ಹೊತ್ತು ಹೆಚ್ಚಾಗಿ ಬರುತ್ತದೆ.

ಪ್ರಶ್ನೆ: ಶವ ಸಾಗಿಸುವ ಕೆಲಸಕ್ಕೆ ಪೊಲೀಸರ ಜೊತೆ ಹೋಗುತ್ತಿರುತ್ತೇವೆ. ಹುಳ ಸಂಗ್ರಹಿಸುವ ಸರಿಯಾದ ಕ್ರಮ ಏನು? ಸ್ಪಿರಿಟ್‌ಗೆ ಹಾಕಿದರೆ ಆಯಿತಲ್ಲವೆ? (ಆಂಬುಲೆನ್ಸ್ ಸ್ವಯಂಸೇವಕರು, ಉಡುಪಿ)

ಉತ್ತರ: ಸಂಗ್ರಹಿಸುವುದು ತನಿಖಾಧಿಕಾರಿಯ ಅಥವಾ ವಿಧಿವಿಜ್ಞಾನ ತಂಡದವರ ಕೆಲಸ. ನೀವಾಗಿ ಮುಟ್ಟಬೇಡಿ. ಆದರೆ ಕ್ರಮ ಗೊತ್ತಿದ್ದರೆ ಹಾಳಾಗದಂತೆ ನೋಡಿಕೊಳ್ಳಬಹುದು, ಅದೂ ಸಣ್ಣ ಕೆಲಸವಲ್ಲ.

ಮೊದಲ ಕೆಲಸ ಹುಳ ಹಿಡಿಯುವುದಲ್ಲ, ಉಷ್ಣತೆ ಬರೆದುಕೊಳ್ಳುವುದು. ಶವದ ಪಕ್ಕ ನೆಲದಿಂದ ಸುಮಾರು 1 ಮೀಟರ್ ಎತ್ತರದ ನೆರಳಿನ ಗಾಳಿ, ಶವದ ಮೇಲ್ಮೈ, ಶವದ ಅಡಿಯ ನೆಲ, ಹುಳಗಳು ರಾಶಿಗಟ್ಟಿದ್ದರೆ ಆ ರಾಶಿಯ ಒಳಗೆ, ಹೀಗೆ ನಾಲ್ಕು ಕಡೆ. ಶವ ಎತ್ತಿದ ಮೇಲೆ ಇವುಗಳಲ್ಲಿ ಮೂರು ಮತ್ತೆ ಸಿಗುವುದಿಲ್ಲ. ರಾಶಿಯೊಳಗಿನ ಬಿಸಿಯನ್ನು ಬಿಟ್ಟುಬಿಡುವವರೇ ಹೆಚ್ಚು. ಸಾವಿರಾರು ಹುಳ ಒತ್ತಾಗಿ ತಿನ್ನುವಾಗ ಒಳಗಿನ ಬಿಸಿ ಹೊರಗಿನ ಗಾಳಿಗಿಂತ 10-20 ಡಿಗ್ರಿ ಹೆಚ್ಚಿರಬಹುದು. ಬಿಸಿ ಹೆಚ್ಚಿದರೆ ಹುಳ ಬೇಗ ಬೆಳೆಯುತ್ತದೆ.

ಆಮೇಲೆ ಹುಳ. ಕಣ್ಣು, ಬಾಯಿ, ಗಾಯ, ಬಟ್ಟೆಯ ಮಡಿಕೆ ಎಂದು ಒಂದೊಂದು ಜಾಗದ್ದನ್ನು ಒಂದೊಂದು ಸೀಸೆಗೆ ಹಾಕಬೇಕು, ಬೆರೆಸಬಾರದು. ಜಾಗಕ್ಕೆ 50ರಿಂದ 100 ಸಾಕು, ಆದರೆ ಅತಿ ದೊಡ್ಡ ಹುಳಗಳು ಅದರಲ್ಲಿ ಇರಲೇಬೇಕು. ಹಿರಿಯ ಹುಳದ ವಯಸ್ಸೇ ಮುಖ್ಯ. ಚಿಕ್ಕವು ನಿನ್ನೆ ಹುಟ್ಟಿದವು ಇರಬಹುದು.

ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡಬೇಕು. ಒಂದು ಪಾಲನ್ನು 80 ಡಿಗ್ರಿಗಿಂತ ಬಿಸಿಯಾದ ನೀರಿನಲ್ಲಿ ಅರ್ಧ ನಿಮಿಷ ಇಟ್ಟು ಕೊಂದು, ಆಮೇಲೆ 80 ಶೇಕಡಾ ಎಥನಾಲ್‌ಗೆ ಹಾಕಬೇಕು. ಒಲೆಯಿಂದ ಇಳಿಸಿ ಒಂದೆರಡು ನಿಮಿಷ ಬಿಟ್ಟ ನೀರು ಸಾಕು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ: ಜೀವಂತ ಹುಳವನ್ನು ನೇರ ಸ್ಪಿರಿಟ್‌ಗೆ ಹಾಕಿದರೆ ಅದು ಮುದುಡಿ ಕಪ್ಪಾಗುತ್ತದೆ. 15 ಮಿಲಿಮೀಟರಿನ ಹುಳ 12 ಆಗಿ ಕಾಣಬಹುದು, ಉದ್ದದಿಂದ ವಯಸ್ಸು ಅಳೆಯುವವರು ಅಲ್ಲೇ ಮೋಸಹೋಗುತ್ತಾರೆ. ಫಾರ್ಮಲಿನ್ ಬೇಡವೇ ಬೇಡ. ಅದು ಹುಳವನ್ನು ಗಡುಸಾಗಿಸುತ್ತದೆ, ಡಿಎನ್‌ಎ ಕೆಡಿಸುತ್ತದೆ. ತುರ್ತಿಗೆಂದು ಅಂಗಡಿಯ ವಿಸ್ಕಿಯಲ್ಲಿ ಹಾಕೋಣ ಎಂದರೆ ಅದರಲ್ಲಿರುವುದು 42.8 ಶೇಕಡಾ, ಹುಳ ಕೊಳೆಯುತ್ತದೆ. ಸೀಸೆಯಲ್ಲಿ ಹುಳ ಮೂರನೇ ಒಂದು ಭಾಗ ಮೀರಬಾರದು. ಹುಳದ ಮೈಯ ನೀರು ಬೆರೆತು ಎಥನಾಲ್ ತೆಳುವಾಗುವುದರಿಂದ ಮರುದಿನ ಬದಲಿಸಬೇಕು.

ಇನ್ನೊಂದು ಪಾಲು ಜೀವಂತವಾಗಿ ಹೋಗಬೇಕು. ಹುಳಗಳಲ್ಲಿ ಎಷ್ಟೋ ಜಾತಿಗಳು ಒಂದೇ ಥರ ಕಾಣುತ್ತವೆ, ನೊಣವಾಗಿ ಹೊರಬಂದ ಮೇಲೆ ಗುರುತಿಸುವುದು ಸುಲಭ. ತೂತು ಮಾಡಿದ ಡಬ್ಬಿ, ಕೆಳಗೆ ಒಣ ಮರದಪುಡಿ, ಮೇಲೆ ಕೋಳಿಯ ಲಿವರ್, ಹುಳವೊಂದಕ್ಕೆ ಸುಮಾರು 1 ಗ್ರಾಂ. ಮುಚ್ಚಿದ ಜೀಪಿನಲ್ಲಿ ಬಿಸಿಲಿಗೆ ಬಿಟ್ಟು ಚಾ ಕುಡಿಯಲು ಹೋದರೆ ಬರುವಷ್ಟರಲ್ಲಿ ಎಲ್ಲ ಸತ್ತಿರುತ್ತವೆ. ಐಸ್ ಪ್ಯಾಕ್ ಇಟ್ಟು ತಂದರೆ ಬೆಳವಣಿಗೆ ನಿಧಾನವಾಗುತ್ತದೆ, ಪರವಾಗಿಲ್ಲ, ಆದರೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ತಣ್ಣಗಿತ್ತು ಎಂದು ಬರೆದಿರಬೇಕು. ಶವಾಗಾರದ ಫ್ರೀಜರ್‌ಗೂ ಇದೇ ಮಾತು. ಶವ ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಎರಡೂ ಬೇಕು.

ಕೊನೆಗೆ ನೆಲ. ತಿಂದು ಮುಗಿಸಿದ ಹುಳ ಶವ ಬಿಟ್ಟು ನಡೆಯುತ್ತದೆ, ಕೆಲವು ಮೀಟರ್ ದೂರ ಹೋಗಿ ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಮೆತ್ತನೆ ಮಣ್ಣಿದ್ದರೆ 5-10 ಸೆಂಟಿಮೀಟರ್ ಕೆದಕಿ ನೋಡಬೇಕು. ನಮ್ಮಲ್ಲಿ ಹೆಚ್ಚು ಕಡೆ ಕೆಂಪುಕಲ್ಲಿನ ಗಟ್ಟಿ ನೆಲ, ಹುಳಕ್ಕೆ ಅದು ಜಗ್ಗುವುದಿಲ್ಲ. ಅಂಥಲ್ಲಿ ತರಗೆಲೆಯ ಅಡಿ, ಬಿದ್ದ ತೆಂಗಿನ ಮಡಲಿನ ಅಡಿ, ಕಲ್ಲಿನ ಸಂದಿ ನೋಡಬೇಕು. ಮನೆಯೊಳಗಾದರೆ ಕಾರ್ಪೆಟ್ಟಿನ ಅಂಚು, ಕಪಾಟಿನ ಕೆಳಗೆ. ಕೋಶ ಕಂದು ಬಣ್ಣದ, ಎರಡೂ ತುದಿ ದುಂಡಗಿನ ಸಣ್ಣ ಗುಳಿಗೆಯಂತಿರುತ್ತದೆ. ಇಲಿ ಹಿಕ್ಕೆ ಎಂದು ಗುಡಿಸಿ ಬಿಸಾಡುವುದು ಸಾಮಾನ್ಯ. ಅದರ ಮೇಲೆ ಅಡ್ಡ ಉಂಗುರಗಳಿವೆಯೇ ನೋಡಿ, ಹಿಕ್ಕೆಗೆ ಅವು ಇರುವುದಿಲ್ಲ. ಬಿಳಿಯ ಕೋಶ ಸಿಕ್ಕರೆ ಅದು ಕೆಲವೇ ಗಂಟೆ ಹಿಂದೆ ಕಟ್ಟಿದ್ದು, ಅದು ಭಾಗ್ಯ. ಖಾಲಿ ಸಿಪ್ಪೆ ಸಿಕ್ಕರೆ ಒಂದು ತಲೆಮಾರು ಆಗಲೇ ಹಾರಿಹೋಗಿದೆ.

ಹೆಸರು ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಹಾಕಬೇಕು. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ತೊಳೆದುಹೋಗುತ್ತದೆ.

ಪ್ರಶ್ನೆ: ಲೆಕ್ಕ ಹಾಕುವುದು ಹೇಗೆ? ಸಂಖ್ಯೆ ಕೊಟ್ಟು ತಿಳಿಸಿ. (ಕಾನೂನು ವಿದ್ಯಾರ್ಥಿ, ಮಂಗಳೂರು)

ಉತ್ತರ: ಮೊದಲು ಹುಳ ಯಾವ ಹಂತದಲ್ಲಿದೆ ಎಂದು ತಿಳಿಯಬೇಕು. ಹುಳದ ಹಿಂತುದಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಉಸಿರಾಡುವ ಎರಡು ತಟ್ಟೆ ಕಾಣುತ್ತವೆ. ತಟ್ಟೆಯೊಂದರಲ್ಲಿ ಎರಡು ಸೀಳು ಇದ್ದರೆ ಎರಡನೇ ಹಂತ, ಮೂರು ಇದ್ದರೆ ಮೂರನೆಯದು. ಉದ್ದಕ್ಕಿಂತ ಈ ಗುರುತು ಗಟ್ಟಿ. ಹೊಟ್ಟೆಗೆ ಸಾಲದ ಹುಳ ಉದ್ದದಲ್ಲಿ ಕುಳ್ಳಗಿರಬಹುದು, ಸೀಳಿನ ಲೆಕ್ಕ ಮಾತ್ರ ತಪ್ಪುವುದಿಲ್ಲ. ಮೂರನೇ ಹಂತದಲ್ಲೂ ಮುಂಭಾಗದಲ್ಲಿ ಕಪ್ಪಗೆ ತುಂಬಿದ ಅನ್ನಚೀಲ ಕಂಡರೆ ಇನ್ನೂ ತಿನ್ನುತ್ತಿದೆ, ಚೀಲ ಖಾಲಿಯಾಗಿದ್ದರೆ ತಿಂದು ಮುಗಿಸಿ ಹೊರಟಿದೆ.

ಈಗ ಲೆಕ್ಕ. ಹುಳದ ದೇಹಕ್ಕೆ ಗಂಟೆ ಗೊತ್ತಿಲ್ಲ, ಬಿಸಿ ಗೊತ್ತು. ಒಂದು ಕನಿಷ್ಠ ಉಷ್ಣತೆಯ ಕೆಳಗೆ ಅದು ಬೆಳೆಯುವುದೇ ಇಲ್ಲ. ಉಷ್ಣವಲಯದ ನೊಣಗಳಿಗೆ ಇದು 10 ಡಿಗ್ರಿಯ ಆಸುಪಾಸು. ಅದರ ಮೇಲಿನ ಪ್ರತಿ ಡಿಗ್ರಿಯನ್ನು ಗಂಟೆಗಳಿಂದ ಗುಣಿಸಿದರೆ ಬರುವುದು ಡಿಗ್ರಿ-ಗಂಟೆ. ಹುಳ ಒಂದು ಹಂತಕ್ಕೆ ಬರಲು ಬೇಕಾದ ಡಿಗ್ರಿ-ಗಂಟೆ ಹೆಚ್ಚುಕಡಿಮೆ ಒಂದೇ ಇರುತ್ತದೆ.

ಇದು ತಿಳಿಸಲು ಹಾಕಿದ ಕಲ್ಪಿತ ಲೆಕ್ಕ, ಯಾವುದೇ ನಿಜ ಪ್ರಕರಣದ್ದಲ್ಲ. ಪ್ರಯೋಗಾಲಯದಲ್ಲಿ 28 ಡಿಗ್ರಿಯಲ್ಲಿ ಸಾಕಿದಾಗ ಆ ಹಂತ ತಲುಪಲು 80 ಗಂಟೆ ಹಿಡಿಯಿತು ಎನ್ನೋಣ. 28ರಲ್ಲಿ 10 ಕಳೆದರೆ 18, ಅದನ್ನು 80ರಿಂದ ಗುಣಿಸಿದರೆ 1,440 ಡಿಗ್ರಿ-ಗಂಟೆ. ಗುರುವಾರ ಬೆಳಿಗ್ಗೆ 10ಕ್ಕೆ ಹುಳ ತೆಗೆದದ್ದು. ಹಿಂದಿನ ದಿನಗಳ ಸರಾಸರಿ 29 ಡಿಗ್ರಿ ಎಂದು ಹಿಡಿದರೆ ಗಂಟೆಗೆ 19. 1,440ನ್ನು 19ರಿಂದ ಭಾಗಿಸಿದರೆ ಸುಮಾರು 76 ಗಂಟೆ, ಅಂದರೆ ಸೋಮವಾರ ಬೆಳಿಗ್ಗೆ 6. ಭಾನುವಾರ ರಾತ್ರಿ ಸಾವು, ಬೆಳಗಾಗುತ್ತಲೇ ನೊಣ ಬಂತು, ಕಥೆ ಹೊಂದುತ್ತದೆ.

ಆದರೆ ಜಾಗ ತೋಟದೊಳಗಿನ ನೆರಳು, ಎರಡು ದಿನ ಮಳೆಯೂ ಇತ್ತು, ನಿಜವಾದ ಸರಾಸರಿ 26 ಎಂದು ಆಮೇಲೆ ತಿಳಿಯಿತು ಎನ್ನಿ. ಗಂಟೆಗೆ 16, ಭಾಗಿಸಿದರೆ 90 ಗಂಟೆ, ಭಾನುವಾರ ಸಂಜೆ 4. ಮೂರು ಡಿಗ್ರಿಗೆ 14 ಗಂಟೆ ಸರಿಯಿತು. ಭಾನುವಾರ ರಾತ್ರಿ 8ಕ್ಕೆ ಆ ವ್ಯಕ್ತಿಯ ಫೋನಿನಿಂದ ಕರೆ ಹೋಗಿದ್ದರೆ, ಮೊದಲ ಲೆಕ್ಕದಲ್ಲಿ ಮಾತಾಡಿದ್ದು ಅವರೇ ಇರಬಹುದು. ಎರಡನೆಯದರಲ್ಲಿ ಫೋನ್ ಬೇರೆಯವರ ಕೈಯಲ್ಲಿತ್ತು. ನಿಮ್ಮಂಥವರು ಪಾಟೀಸವಾಲಿಗೆ ನಿಂತಾಗ ಹುಳದ ಜಾತಿಯನ್ನು ಪ್ರಶ್ನಿಸುವ ಮೊದಲು ಈ ಉಷ್ಣತೆ ಎಲ್ಲಿಂದ ಬಂತು ಎಂದು ಕೇಳಬೇಕು.

ಅದು ಬರಬೇಕಾದ್ದು ಹೀಗೆ. ಶವ ಸಿಕ್ಕ ಜಾಗದಲ್ಲೇ ಉಷ್ಣತೆ ದಾಖಲಿಸುವ ಸಣ್ಣ ಯಂತ್ರವನ್ನು 5ರಿಂದ 10 ದಿನ ಇಟ್ಟು ಗಂಟೆಗೊಮ್ಮೆಯ ಅಂಕಿ ತೆಗೆಯಬೇಕು. ಅದೇ ದಿನಗಳ ಹವಾಮಾನ ಕೇಂದ್ರದ ಅಂಕಿ ಜೊತೆಗಿಟ್ಟು ಎರಡರ ವ್ಯತ್ಯಾಸ ಕಂಡುಕೊಂಡು, ಆ ವ್ಯತ್ಯಾಸವನ್ನು ಹಿಂದಿನ ದಿನಗಳಿಗೆ ಅನ್ವಯಿಸಬೇಕು. ಮಂಗಳೂರಿನಲ್ಲಿ ಪಣಂಬೂರು ಮತ್ತು ಬಜಪೆಯಲ್ಲಿ ಹವಾಮಾನ ಇಲಾಖೆಯ ಕೇಂದ್ರಗಳಿವೆ. ಒಂದು ಕಡಲ ಪಕ್ಕ, ಇನ್ನೊಂದು ಗುಡ್ಡದ ಮೇಲೆ. ಬೆಳ್ತಂಗಡಿಯ ಕಾಡಂಚಿಗೆ ಇವೆರಡರ ಅಂಕಿಯನ್ನೂ ಹಾಗೆಯೇ ಎತ್ತಿ ಹಾಕಬಾರದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಯಂತ್ರಗಳನ್ನು ಇಟ್ಟಿದೆ, ಹತ್ತಿರದ್ದನ್ನು ಹುಡುಕುವುದು ಲೇಸು.

ಒಂದು ಸಮಾಧಾನ. ಕನಿಷ್ಠ ಉಷ್ಣತೆ 10 ಅಲ್ಲ 12 ಎಂದು ವಾದಿಸಿದರೂ ಮೇಲಿನ 90 ಗಂಟೆ ಬದಲಾಗುವುದು ಒಂದೂವರೆ ಗಂಟೆಯಷ್ಟೆ. ನಮ್ಮ ಹವೆ ಪ್ರಯೋಗಾಲಯದ ಹವೆಗೆ ಹತ್ತಿರ ಇರುವುದರಿಂದ ಈ ಅನುಕೂಲ. ಚಳಿ ದೇಶದವರಿಗೆ ಅದೇ ದೊಡ್ಡ ಜಗಳ.

ಪ್ರಶ್ನೆ: ಆಟಿ ತಿಂಗಳ ಮಳೆಯಲ್ಲಿ ನೊಣ ಹಾರುವುದುಂಟೆ? ನಮ್ಮ ಕಡೆ ಮೂರು ದಿನ ಬಿಡದೆ ಸುರಿಯುತ್ತದೆ. (ಕೃಷಿಕರು, ಹೆಬ್ರಿ)

ಉತ್ತರ: ಜಡಿಮಳೆಗೆ ಹಸಿರು ನೊಣ ಹಾರುವುದಿಲ್ಲ. ಮಳೆ ಬಿಟ್ಟ ಅರ್ಧ ಗಂಟೆಯ ಹೊಳವು ಸಿಕ್ಕರೂ ಸಾಕು, ಬಂದುಬಿಡುತ್ತದೆ. ಮಾಂಸನೊಣ ಸಣ್ಣ ಮಳೆಗೂ ಹೆದರುವುದಿಲ್ಲ. ಹಾಗಾಗಿ ಮಳೆಗಾಲದ ಪ್ರಕರಣದಲ್ಲಿ ದಿನಕ್ಕೆ ಎಷ್ಟು ಮಿಲಿಮೀಟರ್ ಎಂಬುದು ಸಾಲದು, ಯಾವ ಗಂಟೆಯಲ್ಲಿ ಮಳೆ ನಿಂತಿತ್ತು ಎಂಬುದು ಬೇಕು. ಅದಲ್ಲದೆ ಹರಿಯುವ ನೀರು ಮೊಟ್ಟೆಯ ಗಂಟನ್ನು ತೊಳೆದುಕೊಂಡು ಹೋಗಬಹುದು, ಎರಡನೇ ಸಲ ಇಟ್ಟದ್ದೇ ಮೊದಲಿನದೆಂದು ಕಾಣುತ್ತದೆ. ಇರುವೆಗಳೂ ಹಾಗೆಯೇ, ಮೊಟ್ಟೆ ಹೊತ್ತು ಸಾಗಿಸುತ್ತವೆ.

ರಾತ್ರಿಯ ವಿಚಾರವೂ ಇದಕ್ಕೆ ಸೇರಿದ್ದು. ಕತ್ತಲಲ್ಲಿ ನೊಣ ಸಾಮಾನ್ಯವಾಗಿ ಮೊಟ್ಟೆ ಇಡದು. "ಇಡುವುದೇ ಇಲ್ಲ" ಎಂದು ಸಾಕ್ಷಿ ಹೇಳಿದರೆ ಮಾತ್ರ ಅದು ಅತಿಯಾಯಿತು. ಪಂಜಾಬಿನ ಸಂಶೋಧಕರು ರಾತ್ರಿಯೂ ಕೆಲವೊಮ್ಮೆ ಮೊಟ್ಟೆ ಇಟ್ಟದ್ದನ್ನು 2001ರಲ್ಲಿ ಪ್ರಕಟಿಸಿದ್ದಾರೆ. ಬೀದಿದೀಪದಡಿ, ಬೆಚ್ಚಗಿನ ರಾತ್ರಿಯಲ್ಲಿ ಆ ಸಾಧ್ಯತೆಯನ್ನು ತಳ್ಳಿಹಾಕಬಾರದು.

ಸುತ್ತಿದ ಶವವೂ ತಡವಾಗಿ ನೊಣ ಕಾಣುತ್ತದೆ. ಹವಾಯಿಯ ಒಂದು ಪ್ರಕರಣದಲ್ಲಿ ಕಂಬಳಿಯಲ್ಲಿ ಸುತ್ತಿದ ಶವದ ಹುಳಗಳ ವಯಸ್ಸು ಹತ್ತೂವರೆ ದಿನ ಎಂದು ಬಂತು. ಅದೇ ಥರ ಹಂದಿಯ ಕಳೇಬರ ಸುತ್ತಿಟ್ಟು ನೋಡಿದಾಗ ನೊಣ ಒಳಹೊಗಲು ಎರಡೂವರೆ ದಿನ ಹಿಡಿಯಿತು. ಕೂಡಿಸಿದರೆ 13 ದಿನ. ಇಂಥ ಪ್ರಯೋಗ ಮಾಡದೆ "ಟಾರ್ಪಾಲು ಇದ್ದುದರಿಂದ ಒಂದು ದಿನ ಸೇರಿಸಿದ್ದೇವೆ" ಎನ್ನುವುದು ಬರಿಯ ಊಹೆ.

ಪ್ರಶ್ನೆ: ಬಾಗಿಲು ಮುಚ್ಚಿದ ಫ್ಲ್ಯಾಟ್, ಎಸಿ ಹಾಕಿದ ಕೋಣೆ. ಅಲ್ಲಿ ನೊಣ ಹೇಗೆ ಬರುತ್ತದೆ? (ಓದುಗರು, ಕದ್ರಿ)

ಉತ್ತರ: ದೊಡ್ಡ ನೊಣ ಬರದಿರಬಹುದು, ಅಥವಾ ದಿನಗಳೇ ತಡವಾಗಬಹುದು. ಬರುವುದು ಮೆಗಾಸೀಲಿಯಾ ಸ್ಕಲಾರಿಸ್ ಎಂಬ 2-3 ಮಿಲಿಮೀಟರಿನ ಗೂನುಬೆನ್ನಿನ ನೊಣ. ಬಾಗಿಲಿನ ಸಂದು, ಕಿಟಕಿಯ ಅಂಚು ಅದಕ್ಕೆ ಹೆದ್ದಾರಿ. ಹಾರುವುದಕ್ಕಿಂತ ಹೆಚ್ಚು ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ, ಅದೇ ಗುರುತು. ಇದರ ಹುಳ ಹಸಿರು ನೊಣದ್ದಕ್ಕಿಂತ ನಿಧಾನವಾಗಿ ಬೆಳೆಯುವುದರಿಂದ ಜಾತಿ ತಪ್ಪಿದರೆ ದಿನಗಳೇ ತಪ್ಪುತ್ತವೆ. ಎಸಿ 24ಕ್ಕೆ ಇತ್ತು ಎಂದಷ್ಟಕ್ಕೆ 24 ಎಂದು ಬರೆದುಕೊಳ್ಳಬಾರದು, ಕರೆಂಟ್ ಹೋದ ಹೊತ್ತನ್ನು ಮೆಸ್ಕಾಂನಲ್ಲಿ ಕೇಳಬೇಕು. ಬಾಗಿಲು ಒಡೆದ ಕೂಡಲೇ ಗಾಳಿಯಾಡಲೆಂದು ಎಲ್ಲ ಕಿಟಕಿ ತೆರೆಯುವುದು ನಮ್ಮವರ ಅಭ್ಯಾಸ. ಅರ್ಥವಾಗುವಂಥದೇ, ಆದರೆ ಅದಕ್ಕೆ ಮೊದಲು ಒಬ್ಬರು ಥರ್ಮಾಮೀಟರ್ ನೋಡಿರಬೇಕು.

ಒಂಟಿ ವೃದ್ಧರ ವಿಷಯದಲ್ಲಿ ಇನ್ನೊಂದು. ಹಾಸಿಗೆ ಹಿಡಿದವರ ಹುಣ್ಣಿಗೆ, ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಬದುಕಿದ್ದಾಗಲೇ ಹುಳ ಬಿದ್ದಿರಬಹುದು. ಹಾಗಾದಾಗ ಹುಳ ಸಾವಿಗಿಂತ ಹಿರಿಯದು, ಮೇಲೆ ಹೇಳಿದ "ಕನಿಷ್ಠ" ಎಂಬ ಮಾತೇ ತಲೆಕೆಳಗಾಗುತ್ತದೆ. ಕಣ್ಣು-ಬಾಯಿಯಲ್ಲಿ ಚಿಕ್ಕ ಹುಳ, ಹಿಮ್ಮಡಿ ಅಥವಾ ಸೊಂಟದ ಗಾಯದಲ್ಲಿ ಮಾತ್ರ ದೊಡ್ಡ ಹುಳ ಕಂಡರೆ ಈ ಅನುಮಾನ ಬರಲೇಬೇಕು. ಜಾಗಕ್ಕೊಂದು ಸೀಸೆ ಎಂದದ್ದು ಇದಕ್ಕೇ.

ಪ್ರಶ್ನೆ: ಕಡಲಲ್ಲಿ, ಬಾವಿಯಲ್ಲಿ ಸಿಕ್ಕವರಿಗೆ? (ಮೀನುಗಾರರು, ಮಲ್ಪೆ)

ಉತ್ತರ: ಮುಳುಗಿರುವಷ್ಟು ದಿನ ನೊಣಕ್ಕೆ ಕೆಲಸವಿಲ್ಲ. ತೇಲಿದ ಮೇಲೆ ನೀರಿನಿಂದ ಹೊರಗಿರುವ ಭಾಗಕ್ಕೆ ಬರುತ್ತದೆ, ಆಗ ಹುಳದ ಲೆಕ್ಕ ತೇಲಿದ ದಿನವನ್ನು ಹೇಳುತ್ತದೆ. ಬಲೆ ಕಟ್ಟಿದ ಅಥವಾ ಹಲಗೆ ಮುಚ್ಚಿದ ಬಾವಿಯಲ್ಲಿ ಅದೂ ಇಲ್ಲ. ದಡಕ್ಕೆ ತಂದು ಪಂಚನಾಮೆಗೆ ಕಾಯುವ ಎರಡು ಗಂಟೆಯಲ್ಲಿ ಇಟ್ಟ ಮೊಟ್ಟೆಯೂ ಸೀಸೆಗೆ ಸೇರಿಬಿಡುತ್ತದೆ, ದಡಕ್ಕೆ ಬಂದ ಹೊತ್ತು ಬರೆದಿಡಿ.

ಪ್ರಶ್ನೆ: ಕೀಟನಾಶಕ ಕುಡಿದು ಸತ್ತವರ ಮೇಲೆ ಹುಳ ಬದುಕುತ್ತದೆಯೆ? (ಅಡಿಕೆ ಬೆಳೆಗಾರರು, ಕಿನ್ನಿಗೋಳಿ)

ಉತ್ತರ: ಮ್ಯಾಲಥಿಯಾನ್‌ನಂಥ ಔಷಧಿ ಇದ್ದರೆ ನೊಣ ನೆಲೆಯೂರುವುದು ತಡವಾಗುತ್ತದೆ, ವಿಶೇಷವಾಗಿ ಬಾಯಿಯ ಸುತ್ತ. ಕೊಕೇನ್, ಹೆರಾಯಿನ್ ಇದ್ದರೆ ಹುಳ ಬೇಗ ಬೆಳೆದದ್ದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಉಪಯೋಗವೂ ಉಂಟು. ರಕ್ತ, ಹೊಟ್ಟೆಯ ಅಂಶ ಕೊಳೆತು ಹೋದ ಮೇಲೂ ಹುಳವನ್ನು ಅರೆದು ವಿಷ ಪತ್ತೆ ಮಾಡಬಹುದು. ಇದೆ ಅಥವಾ ಇಲ್ಲ ಎಂದು ಹೇಳಬಹುದು, ಎಷ್ಟು ಕುಡಿದಿದ್ದರು ಎಂದು ಹುಳದಿಂದ ಹೇಳಲಾಗದು.

ಪ್ರಶ್ನೆ: ನ್ಯಾಯಾಲಯ ಇದನ್ನು ಒಪ್ಪುತ್ತದೆಯೆ? (ಓದುಗರು, ಪುತ್ತೂರು)

ಉತ್ತರ: ತಜ್ಞರ ಅಭಿಪ್ರಾಯವಾಗಿ ಒಪ್ಪಬಹುದು. ಹಿಂದಿನ ಸಾಕ್ಷ್ಯ ಕಾಯಿದೆಯ 45ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಆಗಿದೆ. ಹಳೆಯ ಉದಾಹರಣೆ ಬೇಕಿದ್ದರೆ 1935ರ ಬಕ್ ರಕ್ಸ್‌ಟನ್ ಪ್ರಕರಣ. ಮುಂಬಯಿ ಮೂಲದ ಪಾರ್ಸಿ ವೈದ್ಯ, ಇಂಗ್ಲೆಂಡಿನ ಲ್ಯಾಂಕಸ್ಟರ್‌ನಲ್ಲಿ ನೆಲಸಿದ್ದವರು. ಹೆಂಡತಿ ಮತ್ತು ಮನೆಕೆಲಸದಾಕೆಯ ದೇಹದ ತುಂಡುಗಳು ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಮೊಫಟ್ ಬಳಿ ಸಿಕ್ಕವು. ಗ್ಲಾಸ್ಗೋದ ಅಲೆಗ್ಸಾಂಡರ್ ಮೆರ್ನ್ಸ್ ಹುಳ ನೋಡಿ 12ರಿಂದ 14 ದಿನ ಎಂದರು. ಹೆಂಡತಿ ಕೊನೆಯದಾಗಿ ಕಂಡದ್ದು 14ರ ರಾತ್ರಿ. ಗಮನಿಸಿ, ಅವರು ಒಂದು ತಾರೀಕು ಹೇಳಲಿಲ್ಲ, ಎರಡು ಸಂಖ್ಯೆಗಳ ನಡುವೆ ಎಂದರು. ಒಂದೇ ತಾರೀಕು, ಒಂದೇ ಗಂಟೆ ಹೇಳುವ ವರದಿಯನ್ನು ನಂಬುವ ಮೊದಲು ಎರಡು ಸಲ ಓದಿ.

ಪ್ರಶ್ನೆ: ಇದನ್ನು ಶಾಲೆಯಲ್ಲಿ ಮಾಡಿ ತೋರಿಸಬಹುದೆ? (ವಿಜ್ಞಾನ ಶಿಕ್ಷಕಿ, ಮೂಡುಬಿದಿರೆ)

ಉತ್ತರ: ತರಗತಿಯೊಳಗೆ ಬೇಡ, ವಾಸನೆಗೆ ಮಕ್ಕಳಿಗಿಂತ ಮೊದಲು ಮುಖ್ಯೋಪಾಧ್ಯಾಯರು ಓಡಿಬರುತ್ತಾರೆ. ಹಿತ್ತಲಿನ ನೆರಳಿರುವ, ಮಳೆ ತಾಗದ ಮಾಡಿನಡಿ ಆಗುತ್ತದೆ.

5 ಲೀಟರಿನ ಎರಡು ಪ್ಲಾಸ್ಟಿಕ್ ಡಬ್ಬಿ, ತಳಕ್ಕೆ 3 ಸೆಂಟಿಮೀಟರ್ ಒಣ ಮರದಪುಡಿ. ಬಣ್ಣ, ಔಷಧಿ ಹಚ್ಚಿದ ಮರದ ಪುಡಿ ಬೇಡ. ಅದರ ಮೇಲೆ ಕಾಗದದ ಲೋಟದಲ್ಲಿ 100 ಗ್ರಾಂ ಕೋಳಿ ಲಿವರ್. ಬಂಗುಡೆ ತಲೆಯೂ ನಡೆದೀತು, ಆದರೆ ಬೇಗ ನೀರು ಬಿಡುತ್ತದೆ. ಬೆಳಿಗ್ಗೆ 9ಕ್ಕೆ ಮುಚ್ಚಳ ತೆರೆದಿಟ್ಟು ಮೊದಲ ಮೊಟ್ಟೆ ಕಂಡ ಹೊತ್ತು ಬರೆಯಿರಿ, ಒಂದು ಗಂಟೆ ಬಿಟ್ಟು ಹಳೆಯ ಪಂಚೆಯ ಬಟ್ಟೆ ಕಟ್ಟಿ ರಬ್ಬರ್ ಹಾಕಿ. ಬಟ್ಟೆ ಒತ್ತಾದ ನೇಯ್ಗೆಯದಿರಲಿ, ಸೊಳ್ಳೆಪರದೆಯ ತೂತಿನಲ್ಲಿ ಗೂನುಬೆನ್ನಿನ ನೊಣ ಸಲೀಸಾಗಿ ನುಗ್ಗುತ್ತದೆ. ಇರುವೆ ಬಾರದಂತೆ ಡಬ್ಬಿಯನ್ನು ಇಟ್ಟಿಗೆಯ ಮೇಲಿಟ್ಟು ಇಟ್ಟಿಗೆಯನ್ನು ನೀರಿನ ತಟ್ಟೆಯಲ್ಲಿಡಿ. ಮೊಟ್ಟೆ 50ಕ್ಕಿಂತ ತುಂಬ ಹೆಚ್ಚಿದ್ದರೆ ಉಳಿದದ್ದನ್ನು ಕುಂಚದಿಂದ ತೆಗೆಯಿರಿ. ಆಹಾರ ಸಾಲದಿದ್ದರೆ ಹುಳ ಕುಳ್ಳಾಗಿಯೇ ಕೋಶ ಕಟ್ಟುತ್ತದೆ, ಅಳತೆಯೆಲ್ಲ ವ್ಯರ್ಥ.

ಒಂದು ಡಬ್ಬಿ ಹೊರಗೆ, ಇನ್ನೊಂದು ತಂಪಾದ ಉಗ್ರಾಣದಲ್ಲಿ. ಎರಡರ ಪಕ್ಕವೂ ಥರ್ಮಾಮೀಟರ್, ಹಗಲು ಮೂರು ಗಂಟೆಗೊಮ್ಮೆ ಅಂಕಿ. ರಾತ್ರಿಗೆ ಕನಿಷ್ಠ ಉಷ್ಣತೆ ತೋರಿಸುವ ಥರ್ಮಾಮೀಟರ್ ಇದ್ದರೆ ಸಾಕು. 28 ಡಿಗ್ರಿಯ ಆಸುಪಾಸಿನಲ್ಲಿ ಮೊಟ್ಟೆ ಅರ್ಧದಿಂದ ಮುಕ್ಕಾಲು ದಿನಕ್ಕೆ ಒಡೆಯುತ್ತದೆ, ಹುಳ 4-5 ದಿನ, ಕೋಶ 4-5 ದಿನ, ಒಟ್ಟು ಹತ್ತು ದಿನದ ಹೊತ್ತಿಗೆ ನೊಣ. ಎರಡು ಡಬ್ಬಿಗಳಲ್ಲಿ ದಿನಗಳು ಬೇರೆಯಾದರೂ ಡಿಗ್ರಿ-ಗಂಟೆ ಹತ್ತಿರ ಬಂದರೆ ಪ್ರಯೋಗ ಗೆದ್ದಂತೆ.

ಕೆಡುವುದು ಎರಡು ಕಡೆ. ಲಿವರ್ ಒಣಗಿದರೆ ಮೊಟ್ಟೆ ಸಾಯುತ್ತದೆ, ಮೊದಲ ದಿನ ಒದ್ದೆ ಬಟ್ಟೆಯನ್ನು ಲೋಟದ ಅರ್ಧಕ್ಕೆ ಹೊದಿಸಿ. ಒದ್ದೆ ಹೆಚ್ಚಾದರೆ ಡಬ್ಬಿಯ ಗೋಡೆಗೆ ತೇವ ಹತ್ತಿ ಹುಳಗಳು ಅದನ್ನೇ ಹಿಡಿದು ಮೇಲೇರುತ್ತವೆ, ಗೋಡೆಯನ್ನು ದಿನಕ್ಕೊಮ್ಮೆ ಒರೆಸಿ. ಕೈಗವಸು, ಸಾಬೂನು ಕಡ್ಡಾಯ. ಮುಗಿದ ಮೇಲೆ ಡಬ್ಬಿಗೆ ಕುದಿನೀರು ಹೊಯ್ದು ಎಲ್ಲವನ್ನೂ ಒಂದಡಿ ಆಳಕ್ಕೆ ಹೂಳಿ, ಇಲ್ಲವಾದರೆ ಬಿಸಿಯೂಟದ ಕೋಣೆಗೆ ನೊಣ ಸಾಕಿಕೊಟ್ಟ ಹಾಗಾಗುತ್ತದೆ.

ಪ್ರಶ್ನೆ: ಕೊಬ್ಬರಿಯಲ್ಲಿ ಸಿಗುವ ಕೆಂಪುಕಾಲಿನ ನೀಲಿ ಹುಳ ಹೆಣದ ಮೇಲೂ ಇರುತ್ತದೆ ಎಂದು ಮಗ ಹೇಳುತ್ತಾನೆ. ಹೌದೆ? ಕೊಬ್ಬರಿ ಬಿಸಾಡಬೇಕೆ? (ಗೃಹಿಣಿ, ಬ್ರಹ್ಮಾವರ)

ಉತ್ತರ: ಮಗ ಹೇಳಿದ್ದು ಸರಿ. ಅದು ನೆಕ್ರೋಬಿಯಾ ರೂಫಿಪಿಸ್. ಒಣಮೀನು, ಕೊಬ್ಬರಿ, ಒಣಗಿದ ಶವ ಎಲ್ಲದಕ್ಕೂ ಬರುತ್ತದೆ, ಅದಕ್ಕೆ ಬೇಕಾದ್ದು ಒಣಗಿದ ಕೊಬ್ಬು. ನೊಣದ ಹುಳಗಳು ಹೋದ ಮೇಲೆ, ಚರ್ಮ ಮತ್ತು ಮೂಳೆ ಉಳಿದ ಹೊತ್ತಿಗೆ ಇದೂ, ಚರ್ಮ ತಿನ್ನುವ ಡರ್ಮೆಸ್ಟಿಸ್ ಎಂಬ ಕಪ್ಪು ದುಂಬಿಯೂ ಸಿಕ್ಕರೆ ದಿನಗಳ ಲೆಕ್ಕ ಬಿಟ್ಟು ವಾರ, ತಿಂಗಳುಗಳ ಲೆಕ್ಕಕ್ಕೆ ಬಂದೆವು ಎಂದರ್ಥ. ನಿಮ್ಮ ಕೊಬ್ಬರಿಗೆ ಅದು ಬಂದದ್ದು ಸರಿಯಾಗಿ ಒಣಗದ್ದಕ್ಕೆ. ಬೂಸ್ಟು ಹಿಡಿಯದಿದ್ದರೆ ಹುಳ ಕೊಡವಿ, ಎರಡು ದಿನ ಒಳ್ಳೆಯ ಬಿಸಿಲಿಗೆ ಹಾಕಿ, ಗಾಣಕ್ಕೆ ಕೊಡಿ.